‘ಪಿಕ್ಚರ್ ಹೇಗಿತ್ತು?’ ಎಂಬ ಪ್ರಶ್ನೆಯ ಬೆಲೆ

(ಚಲನಚಿತ್ರಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಇಬ್ಬರು ಗೆಳೆಯರು ಸೇರಿದರೆ ರಾಜಕೀಯ, ಕ್ರಿಕೆಟ್ ಎಲ್ಲ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಸಿನಿಮಾದ ಬಳಿ. ಆ ಮಾತು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ‘ಆ ಪಿಕ್ಚರ್ ನೋಡಿದೆಯಾ? ಯಾರೂ ನೋಡಲಿಲ್ಲ, ಆದರೆ ಚೆನ್ನಾಗಿತ್ತು ಮಾರಾಯ’ ಎಂಬುದು ಒಂದು. ‘ಮುಂದಿನ ತಿಂಗಳು ಬರುತ್ತಲ್ಲ, ಅದು ಹೇಗಿರಬಹುದು?’ ಎಂಬುದು ಇನ್ನೊಂದು. ಮೊದಲನೆಯದು ಜನ ನೋಡದೆ ಬಿಟ್ಟ ಚಿತ್ರದ ಮಾತು. ಎರಡನೆಯದು ಜನ ಇನ್ನೂ ನೋಡಬೇಕಾದ ಚಿತ್ರದ ಮಾತು. ಹೋಟೆಲಿನಲ್ಲಿ ಬೈಟು ಕಾಫಿಯ ಜೊತೆಗೇ ಮುಗಿದುಹೋಗುವ ಈ ಹರಟೆಯನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ. ಕಾಲಹರಣ ಎಂದೇ ಮನೆಯ ಹಿರಿಯರ ಅಭಿಪ್ರಾಯ.

ಆದರೆ ಚಲನಚಿತ್ರದ ಇತಿಹಾಸವನ್ನು ತಿರುವಿ ಹಾಕಿದರೆ ಬೇರೆಯದೇ ಸಂಗತಿ ಕಾಣಸಿಗುತ್ತದೆ. ಇಂದು ಜಗತ್ತು ಮೇರುಕೃತಿ ಎಂದು ಕೊಂಡಾಡುವ ಎಷ್ಟೋ ಚಿತ್ರಗಳು ಬಿಡುಗಡೆಯಾದಾಗ ನೆಲಕಚ್ಚಿದ್ದವು. ಅವು ಮತ್ತೆ ಎದ್ದು ನಿಂತದ್ದು ಒಬ್ಬರು ಇನ್ನೊಬ್ಬರಿಗೆ ಹೇಳಿದ ಮಾತಿನಿಂದ. ಆ ಮಾತು ತಡವಾಗಿ ಬಂದಾಗ ಚಿತ್ರ ಉಳಿದರೂ ಅದನ್ನು ಮಾಡಿದವರು ಉಳಿದಿರಲಿಲ್ಲ ಎಂಬ ಉದಾಹರಣೆಗಳೂ ಇವೆ. ಈ ಹರಟೆಯಿಂದ ಆಗುವುದೇನು, ಅದು ಹೊತ್ತಿಗೆ ಸರಿಯಾಗಿ ಏಕೆ ನಡೆಯಬೇಕು ಎಂಬುದೇ ಈ ಹೊತ್ತಿನ ವಿಷಯ.

ಮುಂದಿನ ಬದಲಾವಣೆ

ಬರಲಿರುವ ಚಿತ್ರದಿಂದಲೇ ಆರಂಭಿಸೋಣ. ಹಳೆಯ ಚಿತ್ರಮಂದಿರಗಳಲ್ಲಿ ‘ಮುಂದಿನ ಬದಲಾವಣೆ’ ಎಂಬ ಫಲಕದ ಕೆಳಗೆ ಬರಲಿರುವ ಚಿತ್ರದ ನಾಲ್ಕಾರು ಸ್ಥಿರಚಿತ್ರಗಳನ್ನು ಅಂಟಿಸಿರುತ್ತಿದ್ದರು. ಟೂರಿಂಗ್ ಟಾಕೀಸಿನ ಊರುಗಳಲ್ಲಿ ಗಾಡಿಯ ಎರಡೂ ಬದಿಗೆ ಪೋಸ್ಟರ್ ಕಟ್ಟಿ, ಧ್ವನಿವರ್ಧಕದಲ್ಲಿ ಕೂಗುತ್ತ, ಬಣ್ಣದ ಕರಪತ್ರಗಳನ್ನು ಎಸೆಯುತ್ತ ಹೋಗುತ್ತಿದ್ದರು. ಅದರ ಹಿಂದೆ ಓಡುವುದು ಹುಡುಗರಿಗೆ ಹಬ್ಬ. ಚಿತ್ರದ ಬಗ್ಗೆ ಮುಂಚಿತವಾಗಿ ತಿಳಿಯುತ್ತಿದ್ದದ್ದು ಅಷ್ಟೇ. ಮಿಕ್ಕಿದ್ದನ್ನು ಗೆಳೆಯರು ಊಹಿಸಿಕೊಂಡು ವಾದ ಮಾಡುತ್ತಿದ್ದರು.

‘ಟ್ರೇಲರ್’ ಎಂಬ ಪದದ ಕಥೆಯೂ ಸ್ವಾರಸ್ಯಕರವಾಗಿದೆ. ಹಿಂದೆ ಹಿಂದೆ ಬರುವುದು ಎಂದು ಅದರ ಅರ್ಥ. ಅಮೆರಿಕದಲ್ಲಿ 1910ರ ದಶಕದಲ್ಲಿ ಈ ತುಣುಕುಗಳನ್ನು ಮುಖ್ಯ ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದರು. ಚಿತ್ರ ಮುಗಿದೊಡನೆ ಜನ ಎದ್ದು ಹೋಗುತ್ತಾರೆ ಎಂಬುದು ಗೊತ್ತಾದ ಮೇಲೆ ಅದು ಚಿತ್ರದ ಮುಂದಕ್ಕೆ ಬಂತು. ಹೆಸರು ಮಾತ್ರ ಹಳೆಯದೇ ಉಳಿಯಿತು. ಇಂದು ಟ್ರೇಲರಿಗಿಂತ ಮೊದಲು ಟೀಸರ್, ಅದಕ್ಕಿಂತ ಮೊದಲು ಫಸ್ಟ್ ಲುಕ್, ಅದಕ್ಕೂ ಮೊದಲು ಶೀರ್ಷಿಕೆಯ ಅನಾವರಣ. ಚಿತ್ರ ತೆರೆಗೆ ಬರುವ ಹೊತ್ತಿಗೆ ಅದರ ಬಗ್ಗೆ ಮಾತನಾಡಿ ಮಾತನಾಡಿ ಜನರ ಬಾಯಿ ಸೋತಿರುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ಕಾಯುವುದೂ ಸಿನಿಮಾದ ಸುಖಗಳಲ್ಲಿ ಒಂದು. ಆದರೆ ಒಂದು ಅಂಶವನ್ನು ಗಮನಿಸಬೇಕು. ಬರಲಿರುವ ಚಿತ್ರದ ಬಗ್ಗೆ ಪ್ರೇಕ್ಷಕನಿಗೆ ತಿಳಿದಿರುವುದೆಲ್ಲ ಅದನ್ನು ಮಾರುವವರು ತಿಳಿಸಿದ್ದು. ಅದಕ್ಕೆ ವಕೀಲರು ಬೇಕಾದಷ್ಟು ಮಂದಿ. ಬಂದು ಹೋದ, ಯಾರೂ ನೋಡದ ಚಿತ್ರಕ್ಕೆ ವಕೀಲರೇ ಇಲ್ಲ. ಪ್ರಚಾರಕ್ಕೆ ಇಟ್ಟ ಹಣ ಮುಗಿದಿರುತ್ತದೆ, ಪೋಸ್ಟರಿನ ಮೇಲೆ ಇನ್ನೊಂದು ಪೋಸ್ಟರ್ ಕುಳಿತಿರುತ್ತದೆ. ಅದರ ಪರವಾಗಿ ಉಳಿದ ಒಬ್ಬನೇ ಸಾಕ್ಷಿ ಎಂದರೆ ಅದನ್ನು ನೋಡಿ ಬಂದ ಪ್ರೇಕ್ಷಕ. ಹೀಗಾಗಿ ಗೆಳೆಯರ ಮಾತಿಗೆ ಎರಡು ಕೆಲಸಗಳಿವೆ. ಬರಲಿರುವುದನ್ನು ಕುರಿತು ಸ್ವಲ್ಪ ಸಂಶಯ ಇಟ್ಟುಕೊಳ್ಳುವುದು, ತಪ್ಪಿಹೋದದ್ದರ ಪರವಾಗಿ ಸಾಕ್ಷಿ ನುಡಿಯುವುದು. ಎರಡನೆಯ ಕೆಲಸ ಎಂಥ ಫಲ ಕೊಟ್ಟಿದೆ ಎಂಬುದಕ್ಕೆ ಕೆಲವು ನಿದರ್ಶನಗಳನ್ನು ನೋಡಬಹುದು.

ಒಬ್ಬರ ಒತ್ತಾಯ

ಅಕಿರಾ ಕುರೊಸಾವಾ ಅವರ ‘ರಾಶೋಮನ್’ ಜಪಾನಿನಲ್ಲಿ ಬಿಡುಗಡೆಯಾದದ್ದು 1950ರಲ್ಲಿ. ಕಾಡಿನಲ್ಲಿ ಒಂದು ಸಾವು, ಅದರ ಬಗ್ಗೆ ನಾಲ್ಕು ಮಂದಿಯ ನಾಲ್ಕು ಹೇಳಿಕೆ, ಯಾವುದು ನಿಜ ಎಂಬುದು ಕೊನೆಗೂ ಇತ್ಯರ್ಥವಾಗದ ಕಥೆ. ಚಿತ್ರ ತಯಾರಿಸಿದ ದಾಯೇ ಸಂಸ್ಥೆಯ ಮುಖ್ಯಸ್ಥರಿಗೇ ಅದು ಅರ್ಥವಾಗಿರಲಿಲ್ಲ. ಮರುವರ್ಷ ಇಟಲಿಯ ವೆನಿಸ್ ಚಿತ್ರೋತ್ಸವಕ್ಕೆ ಜಪಾನಿನಿಂದ ಒಂದು ಚಿತ್ರ ಬೇಕಾಯಿತು. ಇಟಲಿಯ ಚಿತ್ರಗಳ ಪ್ರತಿನಿಧಿಯಾಗಿ ಜಪಾನಿನಲ್ಲಿದ್ದ ಜೂಲಿಯಾನಾ ಸ್ಟ್ರಾಮಿಜೋಲಿ ಎಂಬ ವಿದುಷಿ ‘ರಾಶೋಮನ್’ ನೋಡಿ, ಕಳಿಸುವುದಾದರೆ ಇದನ್ನೇ ಕಳಿಸಬೇಕೆಂದು ಶಿಫಾರಸು ಮಾಡಿದರು. ಸಂಸ್ಥೆ ಹಿಂದೇಟು ಹಾಕಿತು. ಆಕೆ ಪಟ್ಟು ಬಿಡಲಿಲ್ಲ.

1951ರಲ್ಲಿ ಆ ಚಿತ್ರಕ್ಕೆ ವೆನಿಸಿನ ಸ್ವರ್ಣಸಿಂಹ ಪ್ರಶಸ್ತಿ ಬಂತು. ಚಿತ್ರ ಅಲ್ಲಿಗೆ ಹೋಗಿದೆ ಎಂಬುದೇ ತಮಗೆ ತಿಳಿದಿರಲಿಲ್ಲ ಎಂದು ಕುರೊಸಾವಾ ಮುಂದೆ ಬರೆದುಕೊಂಡಿದ್ದಾರೆ. ಜಪಾನಿನ ಸಿನಿಮಾದ ಕಡೆಗೆ ಪಶ್ಚಿಮದ ದೇಶಗಳು ತಿರುಗಿ ನೋಡಿದ್ದು ಆ ನಂತರ. ಒಬ್ಬ ಪ್ರೇಕ್ಷಕಿ ತಾನು ಮೆಚ್ಚಿದ್ದನ್ನು ಮೆಚ್ಚಿದೆ ಎಂದು ಹೇಳಿದ್ದರಿಂದ ಆದ ಕೆಲಸ ಇದು.

ಇಬ್ಬರು ಗೆಳೆಯರು ಕೂಡಿದರೆ

ಪ್ಯಾರಿಸಿನ ಕಥೆ ಇನ್ನೂ ಹಿಂದಿನದು. ಮಾತಿನ ಚಿತ್ರಗಳು ಬಂದ ಮೇಲೆ ಮೂಕಿ ಚಿತ್ರಗಳನ್ನು ಕೇಳುವವರಿಲ್ಲವಾಯಿತು. ಅವುಗಳ ರೀಲುಗಳನ್ನು ಗುಜರಿ ಬೆಲೆಗೆ ಮಾರುತ್ತಿದ್ದ ಕಾಲ. ಆಗ ಆನ್ರಿ ಲಾಂಗ್ಲ್ವಾ ಮತ್ತು ಜಾರ್ಜ್ ಫ್ರಾಂಜು ಎಂಬ ಇಬ್ಬರು ಗೆಳೆಯರು, ಇಪ್ಪತ್ತರ ಆಸುಪಾಸಿನ ಹುಡುಗರು, 1935ರಲ್ಲಿ ಒಂದು ಸಿನಿಮಾ ಕೂಟ ಕಟ್ಟಿಕೊಂಡು ಹಳೆಯ ಚಿತ್ರಗಳನ್ನು ತೋರಿಸತೊಡಗಿದರು. ಮರುವರ್ಷವೇ ಅದು ಫ್ರಾನ್ಸಿನ ಚಲನಚಿತ್ರ ಸಂಗ್ರಹಾಲಯವಾದ ‘ಸಿನೆಮಾಥೆಕ್’ ಆಗಿ ಬೆಳೆಯಿತು. ಆರಂಭದ ದಿನಗಳಲ್ಲಿ ಲಾಂಗ್ಲ್ವಾ ಮನೆಯ ಸ್ನಾನದ ತೊಟ್ಟಿಯಲ್ಲಿ ರೀಲುಗಳನ್ನು ತುಂಬಿಡುತ್ತಿದ್ದರು ಎಂದು ಪ್ರತೀತಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಪ್ಯಾರಿಸನ್ನು ಹಿಡಿದಾಗ ಅವರು ಎಷ್ಟೋ ಚಿತ್ರಗಳನ್ನು ಬಚ್ಚಿಟ್ಟು ಕಾಪಾಡಿದರು. ಯುದ್ಧದ ನಂತರ ಅಲ್ಲಿನ ಮುಂದಿನ ಸಾಲಿನಲ್ಲಿ ಕುಳಿತು ಚಿತ್ರ ನೋಡಿ ಕಿತ್ತಾಡುತ್ತಿದ್ದ ತ್ರುಫೋ, ಗೋದಾರ್, ರಿವೆತ್ ಮೊದಲಾದ ಯುವಕರೇ ಮುಂದೆ ಫ್ರೆಂಚ್ ಸಿನಿಮಾದ ‘ಹೊಸ ಅಲೆ’ಗೆ ಕಾರಣರಾದರು.

ಅದೇ ಪ್ಯಾರಿಸಿನಲ್ಲಿ ಜ್ಯಾಂ ರೆನ್ವಾ ಅವರ ‘ರೂಲ್ಸ್ ಆಫ್ ದಿ ಗೇಮ್’ ತೆರೆಕಂಡದ್ದು 1939ರ ಜುಲೈಯಲ್ಲಿ. ಶ್ರೀಮಂತರ ಹಳ್ಳಿಮನೆಯೊಂದರಲ್ಲಿ ಕೆಲವು ದಿನ ನಡೆಯುವ ಪ್ರಣಯ, ಬೇಟೆ, ನಾಟಕ, ಕೊನೆಗೊಂದು ಕೊಲೆ. ಯುದ್ಧದ ಹೊಸ್ತಿಲಲ್ಲಿದ್ದ ಪ್ರೇಕ್ಷಕರಿಗೆ ಅದು ತಮ್ಮನ್ನೇ ಹೀಯಾಳಿಸಿದಂತೆ ಕಂಡಿತು. ಶಿಳ್ಳೆ, ಕೂಗಾಟ. ಪ್ರೇಕ್ಷಕನೊಬ್ಬ ಪತ್ರಿಕೆಗೆ ಬೆಂಕಿ ಹಚ್ಚಿ ಚಿತ್ರಮಂದಿರವನ್ನೇ ಸುಡಲು ಹೊರಟಿದ್ದನೆಂದು ರೆನ್ವಾ ನೆನೆದಿದ್ದಾರೆ. ಚಿತ್ರವನ್ನು ಕತ್ತರಿಸಿ ಮೋಟು ಮಾಡಿದರೂ ಉಪಯೋಗವಾಗಲಿಲ್ಲ. ಅದೇ ವರ್ಷ ಸರ್ಕಾರವೂ ಅದನ್ನು ನಿಷೇಧಿಸಿತು. ಯುದ್ಧಕಾಲದ ಬಾಂಬ್ ದಾಳಿಯಲ್ಲಿ ಮೂಲ ನೆಗೆಟಿವ್ ಸಹ ಸುಟ್ಟುಹೋಯಿತು.

ಅಲ್ಲಿಗೆ ಆ ಚಿತ್ರದ ಕಥೆ ಮುಗಿಯಬೇಕಿತ್ತು. ಆದರೆ 1950ರ ದಶಕದ ಕೊನೆಯಲ್ಲಿ ಜ್ಯಾಂ ಗಾಬೊರಿ ಮತ್ತು ಜಾಕ್ ದ್ಯುರಾಂ ಎಂಬ ಇಬ್ಬರು ಸಿನಿಮಾ ಪ್ರೇಮಿಗಳು ಅದರ ಹಕ್ಕುಗಳನ್ನು ಪಡೆದು, ಅಲ್ಲಲ್ಲಿ ಉಳಿದಿದ್ದ ಚೂರುಗಳನ್ನು 200ಕ್ಕೂ ಹೆಚ್ಚು ಡಬ್ಬಿಗಳಿಂದ ಹೆಕ್ಕಿ, ರೆನ್ವಾ ಅವರ ಸಲಹೆ ಪಡೆದು ಜೋಡಿಸಿದರು. ಈಗ ಜಗತ್ತು ನೋಡುತ್ತಿರುವ 106 ನಿಮಿಷಗಳ ಆವೃತ್ತಿ ಸಿದ್ಧವಾದದ್ದು ಹಾಗೆ. 1959ರಲ್ಲಿ ವೆನಿಸಿನಲ್ಲಿ ಅದರ ಪ್ರದರ್ಶನವಾಯಿತು. ರೆನ್ವಾ ಅದೃಷ್ಟವಂತರು. 20 ವರ್ಷ ತಡವಾದರೂ ಆ ಮೆಚ್ಚುಗೆ ಅವರ ಕಣ್ಣೆದುರಿಗೇ ಬಂತು.

ಕೊನೆಯ ತೀರ್ಪು ಎಂಬುದಿಲ್ಲ

ಗೆಳೆಯರ ವಾದವನ್ನೇ ದೊಡ್ಡದು ಮಾಡಿದರೆ ಲಂಡನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ನಡೆಸುತ್ತಿರುವ ಮತಗಣನೆಯಾಗುತ್ತದೆ. ವಿಮರ್ಶಕರು ತಲಾ ಹತ್ತು ಚಿತ್ರ ಹೆಸರಿಸುತ್ತಾರೆ. 1952ರಲ್ಲಿ ಮೊದಲ ಸ್ಥಾನ ‘ಬೈಸಿಕಲ್ ಥೀವ್ಸ್’ಗೆ. 1962ರಿಂದ 2002ರವರೆಗೆ ಐದು ಬಾರಿ ‘ಸಿಟಿಜನ್ ಕೇನ್’ಗೆ. 2012ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ‘ವರ್ಟಿಗೊ’ ಅದನ್ನು ಕೆಳಗಿಳಿಸಿತು. 1958ರಲ್ಲಿ ಬಿಡುಗಡೆಯಾದಾಗ ಅರೆಮನಸ್ಸಿನ ಸ್ವಾಗತ ಪಡೆದ ಚಿತ್ರ ಅದು. 1962 ಮತ್ತು 1972ರ ಮೊದಲ ಹತ್ತರಲ್ಲಿ ಅದರ ಹೆಸರೇ ಇಲ್ಲ. ಮಧ್ಯೆ ಹಲವು ವರ್ಷ ಅದು ಪ್ರದರ್ಶನಕ್ಕೇ ಸಿಗುತ್ತಿರಲಿಲ್ಲ.

2022ರಲ್ಲಿ 1,600ಕ್ಕೂ ಹೆಚ್ಚು ಮಂದಿ ಮತ ಹಾಕಿದಾಗ ಪಟ್ಟಿ ಮತ್ತೆ ತಲೆಕೆಳಗಾಯಿತು. ಬೆಲ್ಜಿಯಂನ ಶಾಂತಾಲ್ ಅಕರ್ಮಾನ್ 1975ರಲ್ಲಿ ಮಾಡಿದ ‘ಜ್ಯಾನ್ ಡೀಲ್‌ಮಾನ್’ ಮೊದಲ ಸ್ಥಾನಕ್ಕೆ ಏರಿತು. ವಿಧವೆಯೊಬ್ಬಳು ಆಲೂಗಡ್ಡೆ ಸುಲಿಯುವುದು, ಪಾತ್ರೆ ತೊಳೆಯುವುದು, ಹಾಸಿಗೆ ಸರಿಪಡಿಸುವುದು ಇವನ್ನೆಲ್ಲ ಮೂರು ಗಂಟೆಗೂ ಮೀರಿ ತೋರಿಸುವ ಈ ಚಿತ್ರ 2012ರಲ್ಲಿ 36ನೆಯ ಸ್ಥಾನದಲ್ಲಿತ್ತು. ಚಿತ್ರ ಬದಲಾಗಿಲ್ಲ, ನೋಡುವವರು ಬದಲಾದರು. ‘ಬೋರು’ ಎಂದು ಒಂದು ತಲೆಮಾರು ಬಿಟ್ಟದ್ದರಲ್ಲಿ ಮುಂದಿನ ತಲೆಮಾರಿನ ಹೆಂಗಸರು ತಮ್ಮ ತಾಯಂದಿರ ದಿನಚರಿಯನ್ನು ಕಂಡರು. ಆದರೆ ಅಕರ್ಮಾನ್ 2015ರಲ್ಲೇ ತೀರಿಕೊಂಡಿದ್ದರು. ಹಿಚ್‌ಕಾಕ್ ಕೂಡ 1980ರಲ್ಲೇ ತೀರಿಕೊಂಡಿದ್ದರು.

ಕಲ್ಕತ್ತೆಯಿಂದ ಹೆಗ್ಗೋಡಿಗೆ

ಭಾರತದಲ್ಲೂ ಈ ಕೆಲಸ ಆರಂಭವಾದದ್ದು ಗೆಳೆಯರಿಂದಲೇ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತಾ ಮತ್ತಿತರರು ಸೇರಿ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ರಾಯ್ ಆಗ ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರ. 1949ರಲ್ಲಿ ಅದೇ ಜ್ಯಾಂ ರೆನ್ವಾ ‘ದಿ ರಿವರ್’ ಚಿತ್ರಕ್ಕಾಗಿ ಕಲ್ಕತ್ತೆಗೆ ಬಂದಾಗ ಸ್ಥಳ ಹುಡುಕಲು ಜೊತೆಗೆ ಹೋದವರಲ್ಲಿ ರಾಯ್ ಒಬ್ಬರು. ಸ್ವದೇಶದಲ್ಲಿ ಬೈಸಿಕೊಂಡ ನಿರ್ದೇಶಕನ ಮಾತು ಇಲ್ಲಿ ಒಬ್ಬ ಯುವಕನಿಗೆ ಧೈರ್ಯ ಕೊಟ್ಟಿತು. ಮರುವರ್ಷ ಲಂಡನ್ನಿನಲ್ಲಿ ‘ಬೈಸಿಕಲ್ ಥೀವ್ಸ್’ ನೋಡಿದ ರಾಯ್, ಸ್ಟುಡಿಯೋ ಇಲ್ಲದೆ, ಹೆಸರಾಂತ ನಟರಿಲ್ಲದೆ ‘ಪಥೇರ್ ಪಾಂಚಾಲಿ’ ಮಾಡುವ ನಿರ್ಧಾರಕ್ಕೆ ಬಂದರು. ಅದು 1955ರಲ್ಲಿ ತೆರೆಕಂಡಿತು.

ಕರ್ನಾಟಕದಲ್ಲಿ ಈ ಚಳವಳಿಗೆ ಚುರುಕು ಬಂದದ್ದು 1970ರ ದಶಕದಲ್ಲಿ. ಬೆಂಗಳೂರಿನಲ್ಲಿ 1971ರಲ್ಲಿ ‘ಸುಚಿತ್ರ’ ಫಿಲ್ಮ್ ಸೊಸೈಟಿ ಹುಟ್ಟಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅವರ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಹಾಗೂ ಸಿನಿಮಾ ಪ್ರಾಧ್ಯಾಪಕ ಸತೀಶ್ ಬಹಾದ್ದೂರ್ ಅವರಂಥವರು ರೀಲುಗಳ ಜೊತೆ ಆ ಹಳ್ಳಿಗೆ ಬಂದು ಚಿತ್ರ ತೋರಿಸಿ, ರಸಗ್ರಹಣ ಶಿಬಿರ ನಡೆಸಿದರು. ಅಡಿಕೆ ತೋಟದ ಊರಿನ ಜನ ‘ರಾಶೋಮನ್’ ನೋಡಿ ಯಾರ ಹೇಳಿಕೆ ನಿಜ ಎಂದು ವಾದಿಸಿದರು. ‘ಬೈಸಿಕಲ್ ಥೀವ್ಸ್’ ನೋಡಿ ಸೈಕಲ್ ಕಳಕೊಂಡವನ ಕಷ್ಟಕ್ಕೆ ಮರುಗಿದರು. ನಾಯರ್ ಅವರನ್ನು ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ (2012) ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಪ್ರೇಕ್ಷಕರು ದಶಕಗಳ ಹಿಂದೆ ನೋಡಿದ ಚಿತ್ರಗಳನ್ನು ನೆನಪಿಸಿಕೊಳ್ಳುತ್ತಾರೆ. ‘ಇಂಥ ಚಿತ್ರ ನಮ್ಮ ಜನಕ್ಕೆ ಅರ್ಥವಾಗುವುದಿಲ್ಲ’ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಅರ್ಥವಾಗದ್ದನ್ನು ಪಕ್ಕದಲ್ಲಿ ಕುಳಿತವರೊಡನೆ ಮಾತನಾಡಿ ಅರ್ಥಮಾಡಿಕೊಳ್ಳುವ ಅವಕಾಶ ಅಲ್ಲಿತ್ತು.

ತಡವಾಗಿ ಬಂದ ಮೆಚ್ಚುಗೆ

ಈಗ ಈ ಕಥೆಯ ಇನ್ನೊಂದು ಮುಖ. ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಗುರುದತ್, ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರೊಡನೆ ಸೇರಿ 1959ರಲ್ಲಿ ‘ಕಾಗಜ್ ಕೆ ಫೂಲ್’ ಮಾಡಿದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಮೇಲಿನಿಂದ ಇಳಿದುಬರುವ ಬೆಳಕಿನ ಕೋಲಿನಲ್ಲಿ ನಾಯಕ, ನಾಯಕಿ ನಿಲ್ಲುವ ದೃಶ್ಯವನ್ನು ಇಂದಿಗೂ ಛಾಯಾಗ್ರಹಣದ ವಿದ್ಯಾರ್ಥಿಗಳು ಮತ್ತೆ ಮತ್ತೆ ನೋಡುತ್ತಾರೆ. ಆದರೆ ಸೋತ ನಿರ್ದೇಶಕನೊಬ್ಬನ ಈ ಕಥೆಯನ್ನು ಅಂದಿನ ಪ್ರೇಕ್ಷಕರು ಒಪ್ಪಲಿಲ್ಲ. ಚಿತ್ರ ನಷ್ಟ ಅನುಭವಿಸಿತು. ಆ ಬಳಿಕ ಗುರುದತ್ ತಮ್ಮ ಹೆಸರಿನಲ್ಲಿ ಮತ್ತೊಂದು ಚಿತ್ರ ನಿರ್ದೇಶಿಸಲಿಲ್ಲ. 1964ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಚಿತ್ರಗಳಿಗೆ ವಿದೇಶಗಳ ಉತ್ಸವಗಳಲ್ಲಿ ಗೌರವ ದೊರೆತದ್ದು ಆಮೇಲೆ. ಮೂರ್ತಿ ಅವರಿಗೆ ಮಾತ್ರ 2008ನೇ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಸ್ವೀಕರಿಸುವ ಭಾಗ್ಯ ಒದಗಿತು.

ಬಂಗಾಳದ ಋತ್ವಿಕ್ ಘಟಕ್ ಅವರದು ಇನ್ನೂ ಕಠಿಣ ಕಥೆ. ಅವರ ಮೊದಲ ಚಿತ್ರ ‘ನಾಗರಿಕ್’ ಸಿದ್ಧವಾದದ್ದು 1952ರಲ್ಲಿ, ಎಂದರೆ ‘ಪಥೇರ್ ಪಾಂಚಾಲಿ’ಗಿಂತ ಮೂರು ವರ್ಷ ಮೊದಲು. ಅದು ಬಿಡುಗಡೆಯಾದದ್ದು 1977ರಲ್ಲಿ. ಘಟಕ್ ಅದರ ಹಿಂದಿನ ವರ್ಷ, 1976ರಲ್ಲಿ ತೀರಿಕೊಂಡಿದ್ದರು. 25 ವರ್ಷ ಆ ಚಿತ್ರ ಡಬ್ಬಿಯೊಳಗೇ ಇತ್ತು. ನಮ್ಮಲ್ಲಿ ಕೆಟ್ಟ ಚಿತ್ರವನ್ನು ‘ಡಬ್ಬಾ ಪಿಕ್ಚರ್’ ಎಂದು ಬೈಯುವುದುಂಟು. ಡಬ್ಬಿಯಲ್ಲೇ ಉಳಿದ ಒಳ್ಳೆಯ ಚಿತ್ರಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಾಲವೇ ನ್ಯಾಯ ಕೊಡುತ್ತದೆ, ಒಳ್ಳೆಯ ಚಿತ್ರ ಎಂದಾದರೂ ಗೆದ್ದೇ ಗೆಲ್ಲುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ತಡವಾದ ನ್ಯಾಯ ಚಿತ್ರಕ್ಕೆ ಸಿಗಬಹುದು. ಮನೆ ಅಡವಿಟ್ಟು ಚಿತ್ರ ಮಾಡಿದವನಿಗೆ, ಮುಂದಿನ ಚಿತ್ರಕ್ಕೆ ನಿರ್ಮಾಪಕ ಸಿಗದೆ ಅಲೆದವನಿಗೆ ಅದರಿಂದ ಏನೂ ಸಿಗುವುದಿಲ್ಲ. ಆತ ಮಾಡಬಹುದಾಗಿದ್ದ ಮುಂದಿನ ಚಿತ್ರಗಳು ಪ್ರೇಕ್ಷಕರಿಗೂ ಸಿಗುವುದಿಲ್ಲ.

ಮೊದಲ ವಾರದ ಪರೀಕ್ಷೆ

ಒಳ್ಳೆಯ ಚಿತ್ರಗಳು ಹೀಗೆ ಏಕೆ ಕೈತಪ್ಪಿ ಹೋಗುತ್ತವೆ? ಕಾರಣಗಳು ಅನೇಕ. ದೊಡ್ಡ ನಟನ ಚಿತ್ರದ ಎದುರು ಬಿಡುಗಡೆಯಾದರೆ ಚಿತ್ರಮಂದಿರ ಸಿಗುವುದಿಲ್ಲ. ಸಿಕ್ಕರೂ ಬೆಳಗಿನ ಒಂದೇ ಆಟ. ಕೆಲವೊಮ್ಮೆ ಪೋಸ್ಟರ್ ಹೇಳುವುದು ಒಂದು, ಚಿತ್ರ ತೋರಿಸುವುದು ಇನ್ನೊಂದು. ಹೊಡೆದಾಟ ನೋಡಲು ಬಂದವನು ಕುಟುಂಬದ ಕಥೆ ಕಂಡು ಬೈದುಕೊಂಡು ಹೋಗುತ್ತಾನೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕಾಲಾವಕಾಶ.

ಬಾಯಿಮಾತು ಹಬ್ಬಲು ಸಮಯ ಬೇಕು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಗೆ ಬಂದಾಗ ಮೊದಲ ವರದಿಗಳು ಆಶಾದಾಯಕವಾಗಿರಲಿಲ್ಲ. ಕೊನೆಯ ಭಾಗವನ್ನೇ ಬದಲಿಸಿ ಮತ್ತೆ ಚಿತ್ರೀಕರಿಸುವ ಯೋಚನೆಯೂ ನಡೆದಿತ್ತು. ನೋಡಿ ಬಂದವರ ಮಾತು ಹರಡಿತು. ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಅದು ಐದು ವರ್ಷಕ್ಕೂ ಮಿಗಿಲಾಗಿ ಓಡಿತು. ಕನ್ನಡದ ‘ಮುಂಗಾರು ಮಳೆ’ 2006ರ ಡಿಸೆಂಬರ್ 29ರಂದು ಬಿಡುಗಡೆಯಾದಾಗ ನಾಯಕ ಗಣೇಶ್ ಇನ್ನೂ ತಾರೆಯಾಗಿರಲಿಲ್ಲ, ನಿರ್ದೇಶಕ ಯೋಗರಾಜ ಭಟ್ಟರ ಹೆಸರೂ ಮನೆಮಾತಾಗಿರಲಿಲ್ಲ. ‘ಹೋಗಿ ನೋಡು’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದರಿಂದಲೇ ಅದು ಬೆಂಗಳೂರಿನ ಮಲ್ಟಿಪ್ಲೆಕ್ಸೊಂದರಲ್ಲಿ ವರ್ಷಕ್ಕೂ ಹೆಚ್ಚು ಕಾಲ ನಿಂತಿತು.

ಈಗ ಅಷ್ಟು ಕಾಯುವ ತಾಳ್ಮೆ ಉದ್ಯಮಕ್ಕಿಲ್ಲ. ಶುಕ್ರವಾರ ಬಿಡುಗಡೆ, ಭಾನುವಾರದ ಹೊತ್ತಿಗೆ ತೀರ್ಮಾನ, ಸೋಮವಾರ ಆಟಗಳ ಕಡಿತ. ಗೆಳೆಯನೊಬ್ಬ ಶನಿವಾರ ನೋಡಿ, ಬುಧವಾರ ಇನ್ನೊಬ್ಬನಿಗೆ ಹೇಳಿ, ಆತ ಮುಂದಿನ ಭಾನುವಾರ ಹೋಗೋಣ ಎನ್ನುವಷ್ಟರಲ್ಲಿ ಚಿತ್ರ ಎತ್ತಂಗಡಿಯಾಗಿರುತ್ತದೆ. ಮಲ್ಪೆಯ ಕಡಲತಡಿಯ ಕಥೆ ಹೇಳಿದ ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ 2014ರಲ್ಲಿ ತೆರೆಕಂಡಾಗ ಗಲ್ಲಾಪೆಟ್ಟಿಗೆಯಲ್ಲಿ ದೊಡ್ಡ ಸದ್ದು ಮಾಡಲಿಲ್ಲ. ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ಹೇಳುವ, ‘ರಾಶೋಮನ್’ ದಾರಿಯ ಚಿತ್ರ ಅದು. ಆಮೇಲೆ ಗೆಳೆಯರಿಂದ ಗೆಳೆಯರಿಗೆ ದಾಟುತ್ತ ಅಭಿಮಾನಿಗಳ ಬಳಗವನ್ನೇ ಕಟ್ಟಿಕೊಂಡಿತು. 2017ರಲ್ಲಿ ತಮಿಳಿಗೂ ಹೋಯಿತು. ಹಾಗೆ ಎರಡನೆಯ ಜನ್ಮ ಪಡೆಯುವ ಅದೃಷ್ಟ ಎಲ್ಲ ಚಿತ್ರಗಳಿಗೂ ಇರುವುದಿಲ್ಲ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಉತ್ಸವದಲ್ಲಿ ಪ್ರಶಸ್ತಿ ಪಡೆದರೂ ಕರ್ನಾಟಕದ ಚಿತ್ರಮಂದಿರಗಳಿಗೆ ಬರಲು 2024 ಆಗಬೇಕಾಯಿತು.

ಮನೆಯಲ್ಲೇ ಕುಳಿತು ನೋಡುವ ಒಟಿಟಿ ವೇದಿಕೆಗಳು ಬಂದ ಮೇಲೆ ಈ ತೊಂದರೆ ನೀಗಿತು ಎನ್ನುವವರಿದ್ದಾರೆ. ಹಳೆಯ ಚಿತ್ರವೂ ಹೊಸದೂ ಅಲ್ಲಿ ಪಕ್ಕ ಪಕ್ಕ ಕುಳಿತಿರುತ್ತವೆ ಎಂಬುದು ನಿಜ. ಆದರೆ ಸಾವಿರಾರು ಚಿತ್ರಗಳ ರಾಶಿಯಲ್ಲಿ ಒಂದು ಕಳೆದುಹೋಗುವುದು ಇನ್ನೂ ಸುಲಭ. ಅಲ್ಲಿ ಶಿಫಾರಸು ಮಾಡುವುದು ಗಣಕಯಂತ್ರ. ನೀವು ನಿನ್ನೆ ನೋಡಿದ್ದನ್ನೇ ಹೋಲುವ ಇನ್ನೊಂದನ್ನು ಅದು ತಂದು ಮುಂದಿಡುತ್ತದೆ. ‘ನಿನಗೆ ಇಂಥದ್ದು ಇಷ್ಟವಿಲ್ಲ ಅಂತ ಗೊತ್ತು, ಆದರೂ ಇದನ್ನೊಂದು ನೋಡು’ ಎಂದು ಹೇಳುವ ಸಲಿಗೆ ಗೆಳೆಯನಿಗೆ ಮಾತ್ರ ಇರುತ್ತದೆ.

ಕೇಳುವವರಿಲ್ಲದಿದ್ದರೆ

ಮಾತು ನಿಂತರೆ ಚಿತ್ರವೇ ಇಲ್ಲವಾಗುತ್ತದೆ ಎಂಬುದು ಅಲಂಕಾರದ ಮಾತಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಿಡುಗಡೆಯಾಯಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬಲುಬೇಗ ಬೆಂಕಿ ಹಿಡಿಯುವಂಥದ್ದು. ಓಟ ಮುಗಿದ ಚಿತ್ರಗಳ ರೀಲುಗಳನ್ನು ಅದರಲ್ಲಿದ್ದ ಬೆಳ್ಳಿಯ ಆಸೆಗೆ ಕರಗಿಸುತ್ತಿದ್ದುದೂ ಉಂಟು. ಯಾರೂ ಕೇಳದ ಚಿತ್ರವನ್ನು ಗೋದಾಮಿನ ಬಾಡಿಗೆ ಕೊಟ್ಟು ಇಟ್ಟುಕೊಳ್ಳುವವರು ಯಾರು?

ಪ್ರಶಸ್ತಿಯೊಂದೇ ಚಿತ್ರವನ್ನು ಕಾಯಲಾರದು ಎಂಬುದಕ್ಕೆ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ ಉದಾಹರಣೆ. ಯು.ಆರ್. ಅನಂತಮೂರ್ತಿ ಅವರ ಕಥೆಯನ್ನು ಆಧರಿಸಿದ ಈ ಚಿತ್ರ 1977ರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಆದರೂ ಅದು ಸುಸ್ಥಿತಿಗೆ ಬರಲು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ‘ವರ್ಲ್ಡ್ ಸಿನಿಮಾ ಪ್ರಾಜೆಕ್ಟ್’ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಕೈಜೋಡಿಸಬೇಕಾಯಿತು. ಇಟಲಿಯ ಬೊಲೋನ್ಯಾದ ಪ್ರಯೋಗಾಲಯದಲ್ಲಿ ಪುನರುಜ್ಜೀವನಗೊಂಡ ಚಿತ್ರ 2024ರಲ್ಲಿ ವೆನಿಸ್ ಉತ್ಸವದ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನ ಕಂಡಿತು. 47 ವರ್ಷಗಳ ಕಾಲ ಫಿಲ್ಮ್ ಸೊಸೈಟಿಗಳಲ್ಲಿ, ತರಗತಿಗಳಲ್ಲಿ, ಸ್ನೇಹಿತರ ನಡುವೆ ಆ ಹೆಸರು ಓಡಾಡುತ್ತಿದ್ದುದರಿಂದಲೇ ಯಾರಿಗಾದರೂ ಅದನ್ನು ಉಳಿಸಬೇಕೆನ್ನಿಸಿತು. ಅದೇ ದಶಕದ ಎಷ್ಟೋ ಕನ್ನಡ ಚಿತ್ರಗಳಿಗೆ ಆ ಭಾಗ್ಯವಿಲ್ಲ.

ಹೇಳುವುದಾದರೆ ಹೇಗೆ?

ಕೊನೆಯದಾಗಿ, ಈ ಹರಟೆಯನ್ನು ಚೆನ್ನಾಗಿ ನಡೆಸುವುದು ಹೇಗೆ ಎಂಬ ಬಗ್ಗೆ ಎರಡು ಮಾತು. ‘ಒಂದ್ಸಲ ನೋಡಬಹುದು’ ಎಂಬುದು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿರುವ ತೀರ್ಪು. ಅದರಿಂದ ಕೇಳಿದವನಿಗೆ ಏನೂ ತಿಳಿಯುವುದಿಲ್ಲ. ಯಾವ ದೃಶ್ಯ ಮನಸ್ಸಿನಲ್ಲಿ ನಿಂತಿತು, ಯಾವ ನಟಿಯ ಯಾವ ಮೌನ ತಟ್ಟಿತು, ಎಲ್ಲಿ ಬೇಸರವಾಯಿತು ಎಂದು ಬಿಡಿಸಿ ಹೇಳಿದರೆ ಕೇಳಿದವನು ತನಗೆ ಬೇಕೋ ಬೇಡವೋ ತಾನೇ ನಿರ್ಧರಿಸುತ್ತಾನೆ. ಕೊನೆ ಏನಾಯಿತು ಎಂಬುದನ್ನು ಮಾತ್ರ ಬಾಯಿಬಿಡಬಾರದು.

ಗಳಿಕೆಯ ಕೋಟಿಗಳನ್ನು ವಾದಕ್ಕೆ ತರುವುದು ಈಚಿನ ಅಭ್ಯಾಸ. ಎಷ್ಟು ಗಳಿಸಿತು ಎಂಬುದು ನಿರ್ಮಾಪಕನ ಲೆಕ್ಕಪುಸ್ತಕಕ್ಕೆ ಬೇಕಾದ ಸಂಗತಿ. ನೋಡಿದವನಿಗೆ ಏನು ಸಿಕ್ಕಿತು ಎಂಬುದಕ್ಕೆ ಅದು ಉತ್ತರವಾಗದು. ಬರಲಿರುವ ಚಿತ್ರದ ಬಗ್ಗೆ ಮಾತನಾಡುವಾಗ ಪೋಸ್ಟರಿನ ಬದಲು ಆ ನಿರ್ದೇಶಕ, ಆ ಲೇಖಕ, ಆ ಛಾಯಾಗ್ರಾಹಕ ಹಿಂದೆ ಮಾಡಿದ ಕೆಲಸವನ್ನು ನೆನೆಯುವುದು ಒಳ್ಳೆಯದು. ಆಗ ನಿರೀಕ್ಷೆಗೂ ಒಂದು ಆಧಾರ ಸಿಗುತ್ತದೆ. ಇನ್ನು, ತಮ್ಮ ಮಾತಿಗೆಲ್ಲ ಹೂಂಗುಟ್ಟುವ ಗೆಳೆಯನಿಗಿಂತ ‘ಇಲ್ಲ, ನೀನು ಹೇಳಿದ್ದು ತಪ್ಪು’ ಎನ್ನುವವನು ಇಂಥ ಹರಟೆಗೆ ಹೆಚ್ಚು ಉಪಯುಕ್ತ. ‘ವರ್ಟಿಗೊ’ ಅಂಥ ಚಿತ್ರಗಳು ಮೇಲೆ ಬಂದದ್ದು ಆ ಭಿನ್ನಾಭಿಪ್ರಾಯದಿಂದಲೇ.

ಎಲ್ಲಕ್ಕಿಂತ ಮುಖ್ಯವಾಗಿ, ಹೇಳುವುದನ್ನು ತಡಮಾಡಬಾರದು. ಮುಂದಿನ ತಿಂಗಳು ಬರುವ ದೊಡ್ಡ ಚಿತ್ರದ ಬಗ್ಗೆ ಹೇಗಿದ್ದರೂ ಊರೆಲ್ಲ ಮಾತನಾಡುತ್ತದೆ. ಈ ವಾರ ಒಂದೇ ಆಟ ಉಳಿದಿರುವ, ಹತ್ತು ಜನ ಕುಳಿತು ನೋಡುತ್ತಿರುವ ಕನ್ನಡ ಚಿತ್ರವೊಂದು ಊರಿನ ಯಾವುದೋ ಚಿತ್ರಮಂದಿರದಲ್ಲಿ ಇದ್ದರೂ ಇರಬಹುದು. ಅದು ಚೆನ್ನಾಗಿಲ್ಲದಿದ್ದರೆ ಹಾಗೆಂದೇ ಹೇಳಬಹುದು, ಅದಕ್ಕೂ ನೋಡಿರಬೇಕು. ಚೆನ್ನಾಗಿದ್ದರೆ ಸಂಜೆಯೊಳಗೆ ನಾಲ್ಕು ಜನಕ್ಕೆ ತಿಳಿಸಬಹುದು. ಅದರ ನಿರ್ದೇಶಕ ಇನ್ನೂ ಎರಡನೆಯ ಚಿತ್ರದ ಕನಸು ಕಾಣುತ್ತಿರುವಾಗಲೇ ಆ ನಾಲ್ಕು ಟಿಕೆಟ್ಟುಗಳು ಹರಿಯಬೇಕು.